ಉಳ್ಳವರ ಪಾಲು: ದುರ್ಗದ ಕಣದಿಂದ ಇಎಸ್‌ಐವರೆಗೆ

ಹೆಚ್ಚು ಸಂಬಳ ತಗೊಳ್ಳೋರು ಸಾಮಾಜಿಕ ವಿಮೆಗೆ ಹೆಚ್ಚು ಕಟ್ಟಬೇಕೊ ಬೇಡವೊ ಎಂಬ ಚರ್ಚೆ ಮತ್ತೆ ಮತ್ತೆ ಏಳುತ್ತದೆ. ಪ್ರಾವಿಡೆಂಟ್ ಫಂಡಿನ ಸಂಬಳದ ಮಿತಿ ಏರಿಸಬೇಕೆ, ಇಎಸ್‌ಐ ಮಿತಿ ಏರಿಸಬೇಕೆ ಅಂತ ದಿಲ್ಲಿಯಲ್ಲಿ ಸಭೆಗಳಾಗುತ್ತವೆ, ಬೆಂಗಳೂರಿನಲ್ಲಿ ಕಂಪನಿಗಳ ಸಂಘದವರು ಗೊಣಗುತ್ತಾರೆ. ಈ ವಿಷಯ ಬರೆಯುವ ವಿದ್ವಾಂಸರು 1883ರ ಜರ್ಮನಿಯಿಂದ, ಬಿಸ್ಮಾರ್ಕ್ ತಂದ ಕಾಯಿಲೆ ವಿಮೆಯ ಕಾನೂನಿನಿಂದ ಕಥೆ ತೆಗೆಯುವುದು ವಾಡಿಕೆ. ನಾವು ಚನ್ನರಾಯನದುರ್ಗದ ಬುಡದ ಕಣದಿಂದ ತೆಗೆಯುತ್ತೇವೆ.

ಚನ್ನರಾಯನದುರ್ಗ ಈಗ ಕೊರಟಗೆರೆ ತಾಲ್ಲೂಕಿನ ಒಂದು ಹೋಬಳಿ. ಬೆಟ್ಟದ ಮೇಲೆ ಕೋಟೆ, ಬುಡದಲ್ಲಿ ಊರು, ಊರಿನಾಚೆ ಹಟ್ಟಿ. ಮಧುಗಿರಿ ಪಾಳೆಯಗಾರರು, ಮೈಸೂರಿನ ಒಡೆಯರು, ಮರಾಠರು, ಹೈದರ್ ಮತ್ತು ಟಿಪ್ಪು ಅಂತ ಕೋಟೆ ಯಾರ ಯಾರ ಕೈಗೆ ಹೋಯ್ತು ಎಂಬುದನ್ನು ಗೆಜೆಟಿಯರುಗಳು ಬರೆದಿಟ್ಟಿವೆ. ಮಳೆ ಕೈಕೊಟ್ಟ ವರ್ಷ ಹಟ್ಟಿಯ ಮುದುಕಿಗೆ ಹಿಟ್ಟು ಎಲ್ಲಿಂದ ಬಂತು ಎಂಬುದನ್ನು ಬರೆದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಬರದ ಸೀಮೆ. ನೆಲದ ಒರತೆಯನ್ನು ಕಾಲುವೆಗೆ ತಿರುಗಿಸುವ ತಲಪರಿಗೆಗಳು, ಕಪಿಲೆ ಬಾವಿಗಳು, ಕೆರೆಗಳು, ಇವೇ ಇಲ್ಲಿನ ಜೀವ. ಇಂಥ ಕಡೆ ವಿಮೆ ಅನ್ನೋದು ಓದಿದವರ ಮಾತಲ್ಲ. ಬರುವ ವರ್ಷ ಬದುಕಿರ್ತೀವೊ ಇಲ್ಲವೊ ಅನ್ನೋ ಲೆಕ್ಕ ಅದು.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರು ಅಂತ ಇದ್ದರು. ಗೌಡ, ಶಾನುಭೋಗ, ಜೋಯಿಸರಿಂದ ಹಿಡಿದು ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ತೋಟಿ, ನೀರುಗಂಟಿವರೆಗೆ. ಇವರಲ್ಲಿ ಕೆಲವರಿಗೆ ಇನಾಂ ಜಮೀನು ಇತ್ತು, ಎಲ್ಲರಿಗೂ ಕಣದಲ್ಲಿ ಆಯ ಇತ್ತು. ರಾಗಿ ಒಕ್ಕಿ, ತೂರಿ, ರಾಶಿ ಮಾಡಿದ ಮೇಲೆ, ಕಾಳು ಮನೆಗೆ ಹೋಗುವ ಮೊದಲೇ, ಕಣದಲ್ಲೇ ಆಯ ಅಳೆಯಬೇಕು. ರಾಶಿ ದೊಡ್ಡದಾದರೆ ಆಯ ದೊಡ್ಡದು, ರಾಶಿ ಸಣ್ಣದಾದರೆ ಸಣ್ಣದು. ಇಪ್ಪತ್ತು ಖಂಡುಗ ಬೆಳೆದ ಗೌಡ 'ಐದು ಖಂಡುಗದವರೆಗೆ ಮಾತ್ರ ನನ್ನ ಆಯ, ಅದರ ಮೇಲಿನದಕ್ಕೆ ಇಲ್ಲ' ಅಂತ ಹೇಳೋ ಹಾಗಿರಲಿಲ್ಲ. ಹಾಗೆ ಹೇಳಿದ್ದರೆ ಕಮ್ಮಾರ ಮಾರನೇ ವರ್ಷ ಅವನ ಗುಳ ಬಡಿಯುತ್ತಿರಲಿಲ್ಲ. ಲೆಕ್ಕ ಮಾತ್ರ ನೋಡಿದರೆ, ಇವತ್ತಿನ ನಮ್ಮ ಸಾಮಾಜಿಕ ವಿಮೆಯ ಕಾನೂನುಗಳಿಗಿಂತ ಆ ಕಣದ ಲೆಕ್ಕ ನ್ಯಾಯವಾಗಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಗ್ರಾಮ ಸ್ವರಾಜ್ಯದ ಪಂಡಿತರಿಗೆ ಬಹಳ ಸಂತೋಷ. ಅವರ ಚಿತ್ರದಲ್ಲಿ ಎಲ್ಲರೂ ಕಣದಲ್ಲಿ ನಗುನಗುತ್ತ ಇರ್ತಾರೆ. ತೋಟಿ ಎಲ್ಲಿ ನಿಂತಿದ್ದ ಎಂಬುದನ್ನು ಅವರು ಬರೆಯೋದಿಲ್ಲ. ಅವನು ಕಣದ ಅಂಚಿನಲ್ಲಿ, ಮುಟ್ಟದಷ್ಟು ದೂರದಲ್ಲಿ ನಿಂತಿದ್ದ. ಎಲ್ಲರದೂ ಆದ ಮೇಲೆ ಅವನದು. ಅವನ ಬಟ್ಟೆಗೆ ಮೇಲಿಂದ ಸುರಿಯುತ್ತಿದ್ದರು. ಆ ಆಯಕ್ಕೆ ಬದಲಾಗಿ ಸತ್ತ ದನ ಹೊರಬೇಕು, ಸಾವಿನ ಸುದ್ದಿ ಹೊತ್ತು ಊರೂರು ಅಲೆಯಬೇಕು, ತಮಟೆ ಬಡಿಯಬೇಕು, ಕಂದಾಯದ ಗಂಟು ಹೊತ್ತು ಕಚೇರಿಗೆ ನಡೆಯಬೇಕು. ತಲೆ ಎತ್ತಿ ಒಂದು ಮಾತಾಡಿದರೆ ಆಯ ನಿಂತಿತು ಅಂತಲೇ ಅರ್ಥ. ಕಪಿಲೆಗೆ ಬಾನಿ ಹೊಲಿದು ಕೊಟ್ಟ ಮಾದಿಗರವನಿಗೆ ಆ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ, ಬಾನಿಗೆ ಇಷ್ಟು ಕಾಳು ಅಂತ ಮಾತ್ರ ಇತ್ತು. ತಲಪರಿಗೆಯ ಹೂಳು ತೆಗೆಯೋ ಕಾಲಕ್ಕೆ ಜಮೀನಿದ್ದವರು ಆಳು ಕಳಿಸಬೇಕು ಅನ್ನೋ ಕಟ್ಟು ಇತ್ತು, ಗೌಡರು ಕಳಿಸುತ್ತಿದ್ದರು. ಗೌಡರ ಹೆಸರಿನಲ್ಲಿ ಗುದ್ದಲಿ ಹಿಡಿದು ಕಾಲುವೆಗೆ ಇಳಿದವರು ಯಾರು ಅಂತ ಹೇಳಬೇಕಾಗಿಲ್ಲ.

ಹೀಗಾಗಿ ಕಣದಿಂದ ನಾವು ಎರಡು ವಿಷಯ ಎತ್ತಿಕೊಳ್ಳಬೇಕು, ಎರಡನ್ನೂ ಒಟ್ಟಿಗೆ. ಉಳ್ಳವನು ತನ್ನ ರಾಶಿಗೆ ತಕ್ಕಂತೆ ಕೊಡಬೇಕು, ಅದಕ್ಕೆ ಮೇಲ್ಮಿತಿ ಇಲ್ಲ. ಇದು ಮೊದಲನೇದು. ಕೊಡುವವನ ಮುಖ ಪಡೆಯುವವನಿಗೆ ಕಾಣುವ ತನಕ ಅದು ಹಕ್ಕಾಗುವುದಿಲ್ಲ, ಯಜಮಾನಿಕೆಯ ಇನ್ನೊಂದು ಹಗ್ಗವಾಗುತ್ತದೆ. ಇದು ಎರಡನೇದು. ಸಾಮಾಜಿಕ ವಿಮೆ ಅಂತ ಇಪ್ಪತ್ತನೇ ಶತಮಾನದಲ್ಲಿ ಬಂದದ್ದು ಎರಡನೇ ರೋಗಕ್ಕೆ ಮದ್ದು ತಂತು. ದುಡ್ಡು ಕಾನೂನಿನ ಕೈಗೆ ಹೋಗ್ತದೆ, ಅಲ್ಲಿಂದ ಹಕ್ಕಾಗಿ ಬರ್ತದೆ, ಯಾರ ಕಾಲಿಗೂ ಬೀಳಬೇಕಾಗಿಲ್ಲ. ಆದರೆ ಬರುವಾಗ ಮೊದಲನೇ ನ್ಯಾಯವನ್ನು ಬಾಗಿಲಾಚೆ ಬಿಟ್ಟು ಬಂತು. ಅದು ಹೇಗೆ ಬಿಟ್ಟಿತು ಅನ್ನೋದೇ ಈ ಲೇಖನ.

ಆಯವೂ ಇಲ್ಲದವನಿಗೆ ಇದ್ದದ್ದು ಜೀತ. ಮನೆಯಲ್ಲಿ ಸಾವಾದರೆ, ಮದುವೆಯಾದರೆ, ಕಾಯಿಲೆ ಬಿದ್ದರೆ ಗೌಡರ ಹತ್ತಿರ ಮುಂಗಡ ತಂದು ಮಗನನ್ನು ಬಿಟ್ಟು ಬರೋದು. ವಿಮೆಯ ಕಂತನ್ನು ಮಗನ ಮೈಯಿಂದ ಕಟ್ಟಿದ ಹಾಗೆ. ಈ ವಿಮೆಗೆ ಅವಧಿ ಮುಗಿಯುವುದು ಅಂತ ಇರಲಿಲ್ಲ. 1975ರಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ ಬಂದು ಜೀತ ರದ್ದಾಯ್ತು. ಜೀತಕ್ಕೆ ದೂಡಿದ ಸಾವು, ಕಾಯಿಲೆ, ಬರ ರದ್ದಾಗಲಿಲ್ಲ.

ಈಗ ಧಾತು, ಈಶ್ವರ ಸಂವತ್ಸರಗಳ ಬರಕ್ಕೆ ಬರೋಣ. 1876ರಿಂದ 78. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412. 1881ರ ಗಣತಿಯಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನ 8 ಲಕ್ಷ 69 ಸಾವಿರ ಕಡಿಮೆಯಾದರು. ಐವರಲ್ಲಿ ಒಬ್ಬರು ಸತ್ತರು ಅಂತ ಅಂದಾಜು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಕಣದ ಆಯ ಏನಾಯ್ತು? ರಾಶಿಯೇ ಇಲ್ಲದ ಮೇಲೆ ಆಯ ಎಲ್ಲಿಂದ. ಕಣದ ವಿಮೆಯ ದೊಡ್ಡ ದೋಷ ಇಲ್ಲಿ ಕಾಣ್ತದೆ. ಊರಿಗೆ ಊರೇ ಒಣಗಿದಾಗ ಊರೊಳಗಿನ ಹಂಚಿಕೆ ಯಾರನ್ನೂ ಉಳಿಸುವುದಿಲ್ಲ. ಮಳೆಯಾದ ಸೀಮೆ ಮಳೆಯಾಗದ ಸೀಮೆಗೆ, ಸಂಬಳದವನು ಕೂಲಿಯವನಿಗೆ ಕೊಡುವಂಥ ದೊಡ್ಡ ಬೊಕ್ಕಸ ಬೇಕು.

ಇದು ಬ್ರಿಟಿಷರಿಗೂ ಹೊಳೆಯಿತು. 1878ರಲ್ಲಿ ವೈಸರಾಯ್ ಲಿಟ್ಟನ್ನನ ಹಣಕಾಸು ಸದಸ್ಯ ಸರ್ ಜಾನ್ ಸ್ಟ್ರೇಚಿ 'ಕ್ಷಾಮ ವಿಮೆ' ಎಂದೇ ಹೆಸರಿಟ್ಟು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಎತ್ತಿಡುವ ಯೋಜನೆ ಮಾಡಿದ. ವಿಮೆ ಎಂಬ ಮಾತನ್ನು ಸರ್ಕಾರ ಬಡವರ ಹೆಸರಿನಲ್ಲಿ ಈ ದೇಶದಲ್ಲಿ ಆಡಿದ್ದು ಬಹುಶಃ ಆಗಲೇ ಮೊದಲು. ದುಡ್ಡು ಯಾರಿಂದ? ಬ್ರಿಟಿಷ್ ಇಂಡಿಯಾದ ವ್ಯಾಪಾರಿಗಳ ಮೇಲೆ ಲೈಸೆನ್ಸ್ ತೆರಿಗೆ, ಕೆಲವು ಪ್ರಾಂತ್ಯಗಳಲ್ಲಿ ಜಮೀನಿನ ಮೇಲೆ ಸೆಸ್ಸು. ಸಣ್ಣ ಪುಟ್ಟ ಅಂಗಡಿಯವನು, ಗಾಣದವನು, ನೇಕಾರ ಕಟ್ಟಿದರು. ದೊಡ್ಡ ಸಾಹುಕಾರನಿಗೆ ಇಷ್ಟಕ್ಕಿಂತ ಮೇಲೆ ಇಲ್ಲ ಅಂತ ಗರಿಷ್ಠ ಮಿತಿ. ಸರ್ಕಾರಿ ಅಧಿಕಾರಿಗಳು, ವಕೀಲರು, ವೈದ್ಯರು? ಅವರಿಗೆ ವಿನಾಯಿತಿ. ದೇಶದಲ್ಲಿ ಅತಿ ಹೆಚ್ಚು ಸಂಬಳ ಎಣಿಸುತ್ತಿದ್ದ ಬಿಳಿ ಸಾಹೇಬರು ಕ್ಷಾಮದ ವಿಮೆಗೆ ಒಂದು ಕಾಸೂ ಕಟ್ಟಲಿಲ್ಲ. ಅವರನ್ನೂ ಸೇರಿಸಬೇಕು ಅಂತ 1879ರಲ್ಲಿ ಒಂದು ಮಸೂದೆ ಬಂದು ಬಿದ್ದುಹೋಯ್ತು. 1886ರ ಆದಾಯ ತೆರಿಗೆ ಕಾಯ್ದೆಯವರೆಗೆ ಅವರು ತಪ್ಪಿಸಿಕೊಂಡರು. ಕೂಡಿದ ಹಣವಾದರೂ ಕ್ಷಾಮಕ್ಕೇ ಇತ್ತೆ ಅಂದರೆ ಅದೂ ಇಲ್ಲ. ಅಫ್ಘಾನ್ ಯುದ್ಧ ಬಂತು, ಎತ್ತಿಡುವುದು ನಿಂತಿತು.

ಗೆಳೆಯರು ಇದನ್ನು ನೆನಪಿಟ್ಟುಕೊಳ್ಳಬೇಕು. ಸಂಬಳಕ್ಕೆ ಮೇಲ್ಮಿತಿ, ದೊಡ್ಡವರಿಗೆ ವಿನಾಯಿತಿ ಎಂಬ ಎರಡು ಸಲಕರಣೆಗಳು ಈ ದೇಶದಲ್ಲಿ ಕ್ಷಾಮ ವಿಮೆಯ ಜೊತೆಗೇ ಹುಟ್ಟಿದವು.

ಮೈಸೂರು ಅರಸರಿಗೆ 1881ರಲ್ಲಿ ರಾಜ್ಯ ವಾಪಸು ಬಂತು. ಹತ್ತು ವರ್ಷದ ಮೇಲೆ, 1891ರಲ್ಲಿ, ಸಂಸ್ಥಾನ ಸರ್ಕಾರವೇ ಒಂದು ವಿಮೆ ಶುರು ಮಾಡಿತು. ಮಾದರಿ ಸಂಸ್ಥಾನ ಅಂತ ಹೊಗಳುವವರು ಇದನ್ನೂ ಹೊಗಳುತ್ತಾರೆ, ಹೊಗಳತಕ್ಕದ್ದೇ. ಆದರೆ ಯಾರಿಗೆ ಆ ವಿಮೆ? ಸರ್ಕಾರಿ ನೌಕರರಿಗೆ. ಇವತ್ತಿನ ಕೆಜಿಐಡಿ ಎಂಬ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅದೇ. ಐದರಲ್ಲೊಂದು ಪಾಲು ಜನ ಹಸಿದು ಸತ್ತ ನಾಡಿನಲ್ಲಿ ಮೊದಲ ವಿಮೆ ಸಂಬಳ ಖಾತ್ರಿಯಿದ್ದ ಗುಮಾಸ್ತನಿಗೆ ಬಂತು. ಗುಮಾಸ್ತನ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಹಟ್ಟಿಯ ಮಕ್ಕಳೂ ಮೀಸಲಾತಿಯಿಂದ ಮೇಷ್ಟ್ರಾಗಿ ಆ ಇಲಾಖೆಯ ಪಾಲಿಸಿ ತಗೊಂಡಿದ್ದಾರೆ. ವಿಮೆ ಯಾವ ಕಡೆಯಿಂದ ಶುರುವಾಗ್ತದೆ ಅನ್ನೋದನ್ನು ತೋರಿಸೋಕೆ ಹೇಳಿದ್ದು.

ಆ ದಿಕ್ಕನ್ನು ತಿರುಗಿಸಲು ಹೊರಟವರು ಬಾಬಾಸಾಹೇಬರು. 1942ರ ಜುಲೈಯಿಂದ 1946ರವರೆಗೆ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಅಂಬೇಡ್ಕರ್ ಅಂದರೆ ಸಂವಿಧಾನ, ಮೀಸಲಾತಿ ಅಂತ ಮಾತ್ರ ಪಾಠ ಮಾಡುವ ನಮ್ಮ ಶಾಲೆಗಳಲ್ಲಿ ಈ ನಾಲ್ಕು ವರ್ಷದ ಮಾತೇ ಬರೋದಿಲ್ಲ. ಕಾರ್ಖಾನೆ ಕೆಲಸಗಾರರ ಆರೋಗ್ಯ ವಿಮೆಗೆ ಯೋಜನೆ ಮಾಡಲು ಪ್ರೊಫೆಸರ್ ಬಿ.ಪಿ. ಅದರಕರ್ ಅವರನ್ನು 1943ರಲ್ಲಿ ನೇಮಿಸಿದ್ದು ಅವರ ಇಲಾಖೆಯೇ. 1944ರಲ್ಲಿ ಅದರಕರ್ ವರದಿ ಬಂತು, ಅದೇ 1948ರ ಇಎಸ್‌ಐ ಕಾಯ್ದೆಗೆ ತಳಪಾಯ.

ಅದಕ್ಕಿಂತ ದೊಡ್ಡ ಮಾತನ್ನು ಅವರು 1947ರಲ್ಲಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಎಂಬ ಮನವಿಯಲ್ಲಿ ಬರೆದರು. ವಿಮೆ ಪೂರ್ತಿ ಸರ್ಕಾರದ ಕೈಯಲ್ಲಿರಬೇಕು, ಪ್ರತಿಯೊಬ್ಬ ವಯಸ್ಕನೂ ತನ್ನ ಕೂಲಿಗೆ, ಸಂಬಳಕ್ಕೆ ತಕ್ಕ ಪಾಲಿಸಿಯನ್ನು ಕಡ್ಡಾಯವಾಗಿ ತೆಗೆದುಕೊಳ್ಳುವಂತೆ ಸರ್ಕಾರ ಮಾಡಬೇಕು ಎಂದು. ಎಲ್ಲರೂ, ಅವರವರ ದುಡಿಮೆಗೆ ತಕ್ಕಂತೆ. ಇಷ್ಟು ಸಂಬಳದ ಮೇಲಿನವರಿಗೆ ಬೇಡ ಎಂಬ ಮಾತು ಅಲ್ಲಿ ಇಲ್ಲ. ಜಮೀನು ಸರ್ಕಾರದ್ದಾಗಬೇಕು ಎಂದ ಅದೇ ಮನವಿಯಲ್ಲಿ ಇದೂ ಇದೆ, ಎರಡೂ ಒಂದೇ ಉಸಿರಿನ ಮಾತು. ನೆಲ ಇಲ್ಲದವನಿಗೆ ನೆಲ, ನಾಳೆ ಇಲ್ಲದವನಿಗೆ ನಾಳೆ. ಆ ಮನವಿಯನ್ನು ಸಂವಿಧಾನ ಒಳಗೆ ಬಿಟ್ಟುಕೊಳ್ಳಲಿಲ್ಲ. 1956ರಲ್ಲಿ ಜೀವವಿಮೆ ರಾಷ್ಟ್ರೀಕರಣವಾದಾಗ ಅದರ ಅರ್ಧ ಬಂತು. ಎಲ್ಲರಿಗೂ ಕಡ್ಡಾಯ ಅನ್ನೋ ಅರ್ಧ ಬರಲಿಲ್ಲ.

ಬಂದ ಕಾನೂನುಗಳ ಲೆಕ್ಕ ನೋಡೋಣ. ಇಎಸ್‌ಐ 1952ರ ಫೆಬ್ರವರಿಯಲ್ಲಿ ಕಾನ್ಪುರ, ದಿಲ್ಲಿಯಲ್ಲಿ ಶುರುವಾಗಿ 1958ರಲ್ಲಿ ಬೆಂಗಳೂರಿಗೆ ಬಂತು. ಮೂಲ ಕಾಯ್ದೆಯಲ್ಲಿ ತಿಂಗಳಿಗೆ 400 ರೂಪಾಯಿ ಮೇಲಿನ ಸಂಬಳದವರು ಹೊರಗೆ. ದಿನಕ್ಕೆ ಒಂದು ರೂಪಾಯಿಗಿಂತ ಕಡಿಮೆ ಕೂಲಿಯವರು ಒಳಗೆ ಇರ್ತಾರೆ, ತಾವು ಕಟ್ಟಬೇಕಾಗಿಲ್ಲ. ಕೆಳಗಿನವನಿಗೆ ಬಿಟ್ಟುಕೊಟ್ಟಿದ್ದು ಸರಿ. ಮೇಲಿನವನನ್ನು ಬಿಟ್ಟಿದ್ದು ಯಾಕೆ? ಅವನಿಗೆ ಅಗತ್ಯವಿಲ್ಲ ಎಂಬುದು ಆಗಿನ ವಾದ. ಅವನಿಗೆ ಆಸ್ಪತ್ರೆಯ ಅಗತ್ಯ ಇಲ್ಲದಿರಬಹುದು. ಆಸ್ಪತ್ರೆಗೆ ಅವನ ಅಗತ್ಯ ಇತ್ತಲ್ಲ, ಅದನ್ನು ಯಾರೂ ಕೇಳಲಿಲ್ಲ.

2017ರ ಜನವರಿಯಿಂದ ಆ ಮಿತಿ 21,000 ರೂಪಾಯಿ. 2019ರ ಜುಲೈಯಿಂದ ಕೆಲಸಗಾರ ಕೂಲಿಯ ಶೇಕಡಾ 0.75, ಮಾಲೀಕ ಶೇಕಡಾ 3.25 ಕಟ್ಟಬೇಕು. ತುಮಕೂರಿನ ಹತ್ತಿರದ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲೊ, ಪೀಣ್ಯದಲ್ಲೊ 12,000 ರೂಪಾಯಿಗೆ ದುಡಿಯೋ ಹುಡುಗ ತಿಂಗಳಿಗೆ 90 ರೂಪಾಯಿ ಕಟ್ಟುತ್ತಾನೆ, ಅವನ ಪರವಾಗಿ ಮಾಲೀಕ 390. ಅದೇ ಕಾರ್ಖಾನೆಯ ಎರಡು ಲಕ್ಷ ಸಂಬಳದ ಮ್ಯಾನೇಜರು ಕಟ್ಟುವುದು ಸೊನ್ನೆ, ಅವನ ಪರವಾಗಿ ಮಾಲೀಕ ಕಟ್ಟುವುದೂ ಸೊನ್ನೆ. ಹುಡುಗನ ಕೂಲಿ 21,000 ದಾಟಿ ಏರಿದರೆ ಅವನೂ ಹೊರಗೆ. ಇಎಸ್‌ಐ ಅನ್ನೋದು ಬಡವರು ಬಡವರಿಗೆ ಮಾಡೋ ವಿಮೆ. ಸಾಹೇಬರ ಮನೆಯವರು ಹೆರಿಗೆಗೆ ಬರದ ಆಸ್ಪತ್ರೆಯಲ್ಲಿ ಹಾಸಿಗೆ ಯಾಕೆ ಸಾಲದು, ಔಷಧಿ ಯಾಕೆ ಇರೋದಿಲ್ಲ ಅಂತ ಕೇಳೋಕೆ ಜೋರು ಬಾಯಿಯವರು ಯಾರೂ ಸಾಲಿನಲ್ಲಿ ನಿಂತಿರೋದಿಲ್ಲ. ಸರ್ಕಾರಿ ಶಾಲೆಗೆ ಏನಾಯ್ತೊ ಅದೇ ಇಲ್ಲೂ.

ಪ್ರಾವಿಡೆಂಟ್ ಫಂಡಿನದು ಇನ್ನೊಂದು ಬಗೆ. 1952ರ ಕಾಯ್ದೆ ಮೊದಲು ಸಿಮೆಂಟು, ಸಿಗರೇಟು, ಇಂಜಿನಿಯರಿಂಗ್, ಕಬ್ಬಿಣ, ಕಾಗದ, ಬಟ್ಟೆ ಎಂಬ ಆರು ಉದ್ಯಮಗಳಿಗೆ ಬಂತು. 1995ರಲ್ಲಿ ಅದಕ್ಕೆ ಪಿಂಚಣಿ ಸೇರಿತು. ಮಾಲೀಕನ ಪಾಲಿನಿಂದ ಸಂಬಳದ ಶೇಕಡಾ 8.33 ಪಿಂಚಣಿ ನಿಧಿಗೆ, ಆದರೆ ಮಿತಿಯ ತನಕದ ಸಂಬಳಕ್ಕೆ ಮಾತ್ರ. 2014ರ ಸೆಪ್ಟೆಂಬರಿನಲ್ಲಿ ಆ ಮಿತಿಯನ್ನು 15,000ಕ್ಕೆ ಕಟ್ಟಿದರು. ಅಂದರೆ 15,000 ಸಂಬಳದವನ ಹೆಸರಿನಲ್ಲಿ ಹೋಗುವುದು 1,250 ರೂಪಾಯಿ, ಮೂರು ಲಕ್ಷದವನ ಹೆಸರಿನಲ್ಲೂ 1,250. ಇಪ್ಪತ್ತು ಖಂಡುಗದ ಗೌಡ ಐದು ಖಂಡುಗಕ್ಕೆ ಮಾತ್ರ ಆಯ ಕೊಟ್ಟ ಹಾಗಾಯ್ತು. ಅದೇ ತಿಂಗಳಲ್ಲಿ ಕನಿಷ್ಠ ಪಿಂಚಣಿ 1,000 ರೂಪಾಯಿ ಅಂತಲೂ ಮಾಡಿದರು. ಹೆಚ್ಚು ಮಾಡಿ ಎಂದು ಮುದುಕ ಕಾರ್ಮಿಕರು ವರ್ಷ ವರ್ಷ ದಿಲ್ಲಿಗೆ ಹೋಗಿ ಕೂತರೆ ನಿಧಿಯಲ್ಲಿ ದುಡ್ಡಿಲ್ಲ ಅನ್ನೋ ಉತ್ತರ. ನಿಧಿಗೆ ಬಾಗಿಲು ಕಿರಿದು ಮಾಡಿದವರು ಯಾರು?

2016ರ ಏಪ್ರಿಲ್ ನೆನಪಿರಬೇಕು. ಮಾಲೀಕನ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಎಂಬ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎರಡು ದಿನ ರಸ್ತೆಗಿಳಿದರು. ನಾಯಕರು ಕರೆದು ಬಂದವರಲ್ಲ. ಹೊಸೂರು ರಸ್ತೆ, ತುಮಕೂರು ರಸ್ತೆ ನಿಂತವು. ಲಾಠಿ ಬಿತ್ತು. ಕೇಂದ್ರ ಸರ್ಕಾರ ನಿಯಮ ವಾಪಸು ತಗೊಂಡಿತು. ಅವರಿಗೆ ಉಳಿತಾಯದ ಬುದ್ಧಿ ಇಲ್ಲ ಅಂತ ಆಗ ಕೆಲವರು ಬರೆದರು. ಮುಪ್ಪಿಗೆ 1,000 ರೂಪಾಯಿ ಕೊಡೋ ವ್ಯವಸ್ಥೆಯನ್ನು ನಂಬಿ ಕೂರದೆ ಇವತ್ತಿನ ಮಗಳ ಕಾಲೇಜು ಫೀಸಿಗೆ ತಮ್ಮ ದುಡ್ಡು ತಮಗೆ ಬೇಕು ಅಂದದ್ದು ಬುದ್ಧಿಯಿಲ್ಲದ ಮಾತಲ್ಲ.

ಇಷ್ಟೆಲ್ಲ ಆದದ್ದು ನಗರದಲ್ಲಿ. ಚನ್ನರಾಯನದುರ್ಗ ಹೋಬಳಿಯಲ್ಲಿ ಕಡಲೆಕಾಯಿ ಕೀಳುವವಳಿಗೆ, ಅಡಿಕೆ ಸುಲಿಯುವವಳಿಗೆ ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ಕೃಷಿ ಕೂಲಿ ಎರಡೂ ಕಾನೂನಿನ ಆಚೆಯೇ ಉಳಿಯಿತು. ಕಣದ ಆಯವೂ ಹೋಯ್ತು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಗಿ 1963ರಲ್ಲಿ ಜಾರಿಗೆ ಬಂತು. ತೋಟಿ, ತಳವಾರರ ಇನಾಂ ಜಮೀನು ಅವರಿಗೇ ಮರುಮಂಜೂರಾಗಬೇಕು ಅಂತ ಅದರಲ್ಲಿತ್ತು. ಮಂಜೂರಾದ ಎಷ್ಟೋ ಜಮೀನು ಸಾಲಕ್ಕೆ, ಕಾಯಿಲೆಗೆ ಕೈಬಿಟ್ಟಿತು. ದಲಿತರಿಗೆ ಮಂಜೂರಾದ ಜಮೀನು ಉಳಿಸಲು 1978ರಲ್ಲಿ ಬಂದ ಪಿಟಿಸಿಎಲ್ ಕಾಯ್ದೆಯೂ ವಂಶಪಾರಂಪರ್ಯ ಹುದ್ದೆಯ ಜಮೀನನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿತು. ಅವಮಾನದ ಆಯ ಹೋದದ್ದಕ್ಕೆ ನಮಗೆ ದುಃಖವಿಲ್ಲ. ಅದರ ಜಾಗಕ್ಕೆ ಮರ್ಯಾದೆಯ ಆಯ ಬರಲಿಲ್ಲ ಅನ್ನೋದು ನಮ್ಮ ತಕರಾರು.

ಬಂದದ್ದು ಏನು? ಮುದುಕರ ಪಿಂಚಣಿ. 1995ರ ಆಗಸ್ಟಿನಲ್ಲಿ ಕೇಂದ್ರ ತಿಂಗಳಿಗೆ 75 ರೂಪಾಯಿಯಿಂದ ಶುರು ಮಾಡಿ ಆಮೇಲೆ 200 ಮಾಡಿತು. 80 ವರ್ಷದ ಒಳಗಿನವರಿಗೆ ಕೇಂದ್ರದ ಪಾಲು ಸುಮಾರು ಎರಡು ದಶಕದಿಂದ ಆ 200ರಲ್ಲೇ ನಿಂತಿದೆ. ರಾಜ್ಯ 2007ರಲ್ಲಿ ಸಂಧ್ಯಾ ಸುರಕ್ಷಾ ತಂತು, ಅದೀಗ 1,200 ರೂಪಾಯಿ. ಅದು ಮುದುಕಿಗೆ ಔಷಧಿಗಾದರೂ ಆಗ್ತದೆ. ಆದರೆ ಇದು ಬಜೆಟ್ಟಿನ ಮರ್ಜಿ, ನಿಧಿಯ ಹಕ್ಕಲ್ಲ. ಬಜೆಟ್ಟಿನ ದುಡ್ಡಿನಲ್ಲಿ ಕೂಲಿಯವಳ ಪಾಲೂ ಇದೆ. ಅವಳು ಕೊಳ್ಳುವ ಸೋಪಿನಲ್ಲಿ, ಚಪ್ಪಲಿಯಲ್ಲಿ, ಬಸ್ಸಿನ ಡೀಸೆಲ್‌ನಲ್ಲಿ ತೆರಿಗೆ ಇದೆ. ಬಡವರು ಏನೂ ಕಟ್ಟುವುದಿಲ್ಲ ಅನ್ನೋರು ಒಂದು ದಿನ ಸಂತೆಗೆ ಬಂದು ಚೀಟಿ ನೋಡಲಿ.

ಯಶಸ್ವಿನಿ ಯೋಜನೆ ಹಳ್ಳಿಗೆ ಬಂದ ನಿಜವಾದ ವಿಮೆ. 2002ರ ನವೆಂಬರಿನಲ್ಲಿ ಉದ್ಘಾಟನೆಯಾಗಿ 2003ರ ಜೂನ್‌ನಿಂದ ನಡೆಯಿತು. ವರ್ಷಕ್ಕೆ ತಲೆಗೆ 60 ರೂಪಾಯಿ ಕಟ್ಟಿದರೆ ದೊಡ್ಡ ಆಪರೇಷನ್ ಉಚಿತ. ಸಾವಿರಾರು ಜನ ಬದುಕಿದರು, ಅದನ್ನು ಅಲ್ಲಗಳೆಯಲಾರೆವು. ಆದರೆ ಲೆಕ್ಕ ನೋಡಿ. ಮೂವತ್ತು ಎಕರೆ ಅಡಿಕೆ ತೋಟದವನಿಗೂ 60, ಎರಡು ಎಕರೆ ಬೆದ್ದಲಿನವನಿಗೂ 60. ಒಳಗೆ ಬರಬೇಕಾದರೆ ಸಹಕಾರ ಸಂಘದ ಸದಸ್ಯನಾಗಿರಬೇಕು. ಪಹಣಿ ಇಲ್ಲದವನಿಗೆ ಸೊಸೈಟಿಯ ಬಾಗಿಲು ಎಷ್ಟು ಅಗಲ ತೆರೆದಿತ್ತು ಅಂತ ಹಳ್ಳಿ ಮೇಷ್ಟ್ರುಗಳಿಗೆ ಗೊತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಕರಗಿಸಿ 2022ರಲ್ಲಿ ಮತ್ತೆ ತಂದಾಗ ಪರಿಶಿಷ್ಟರ ಕಂತನ್ನು ಸರ್ಕಾರ ಕಟ್ಟುತ್ತೇನೆ ಅಂದಿತು, ಒಳ್ಳೆಯದೇ. ತೋಟದವನ ಕಂತು ತೋಟಕ್ಕೆ ತಕ್ಕಂತೆ ಏರಲಿಲ್ಲ. ಪಾವಗಡದ ತಿರುಮಣಿಯ ಸೋಲಾರ್ ಪಾರ್ಕಿನ ಕಥೆಯೂ ಇದೇ ಜಾತಿಯದು. ಹದಿಮೂರು ಸಾವಿರ ಎಕರೆಗೆ ಬಿಸಿಲಿನ ಗುತ್ತಿಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಜಮೀನಿದ್ದವನಿಗೆ ಬರದ ವಿರುದ್ಧ ವಿಮೆ ಸಿಕ್ಕ ಹಾಗಾಯ್ತು. ಆ ಜಮೀನಿನಲ್ಲಿ ಕಳೆ ಕೀಳುತ್ತಿದ್ದವಳಿಗೆ ಕೆಲಸವೂ ಹೋಯ್ತು, ಗುತ್ತಿಗೆಯೂ ಇಲ್ಲ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದಲ್ಲಿ 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಆದಾಗ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ಕಪ್ಪು ಜನರಲ್ಲಿ ಹೆಚ್ಚಿನವರು ಆ ಎರಡೇ ಕೆಲಸದಲ್ಲಿದ್ದರು. 1950ರ ದಶಕದಲ್ಲಿ ಕಾನೂನು ತಿದ್ದುವ ತನಕ ಅವರು ಬಾಗಿಲಾಚೆ. ಮೇಲ್ಗಡೆ, ವರ್ಷಕ್ಕೆ 3,000 ಡಾಲರ್ ಮೇಲಿನ ಸಂಬಳಕ್ಕೆ ಕಟ್ಟಬೇಕಾಗಿಲ್ಲ ಅಂತ ಮಿತಿ. ಕೆಳಗೆ ಗೋಡೆ, ಮೇಲೆ ಸೂರು, ನಮ್ಮದರ ಅಣ್ಣನೇ. ಆ ಮಿತಿ 2025ರಲ್ಲಿ 1,76,100 ಡಾಲರ್. ಕೋಟ್ಯಧಿಪತಿಯೊಬ್ಬ ಜನವರಿ ಮುಗಿಯುವುದರೊಳಗೆ ವರ್ಷದ ಪಾಲು ಕಟ್ಟಿ ಕೈ ತೊಳೆದುಕೊಳ್ತಾನೆ. ಆದರೆ ಅಲ್ಲಿಯೇ ಮುದುಕರ ಆಸ್ಪತ್ರೆ ಖರ್ಚಿನ ಮೆಡಿಕೇರ್ ವಿಮೆಗೆ ಇದ್ದ ಮಿತಿಯನ್ನು 1994ರಿಂದ ತೆಗೆದೇ ಹಾಕಿದರು. ಎಷ್ಟು ಸಂಬಳವೊ ಅಷ್ಟಕ್ಕೂ ಕಟ್ಟಬೇಕು. ಅದರಿಂದ ಶ್ರೀಮಂತರು ದೇಶ ಬಿಟ್ಟು ಓಡಲಿಲ್ಲ.

ಅಷ್ಟು ದೂರ ಯಾಕೆ, ನಮ್ಮಲ್ಲೇ ಮಿತಿ ಇಲ್ಲದ ಒಂದು ನಿಧಿ ಇದೆ. ಕಟ್ಟಡ ಕಾರ್ಮಿಕರದು. 1996ರ ಕಾನೂನಿನಂತೆ ಕಟ್ಟಡದ ವೆಚ್ಚದ ಶೇಕಡಾ 1 ಸೆಸ್ಸು. ಒಂದು ಕೋಟಿಯ ಮನೆಗೆ ಒಂದು ಲಕ್ಷ, ನೂರು ಕೋಟಿಯ ಗಾಜಿನ ಕಟ್ಟಡಕ್ಕೆ ಒಂದು ಕೋಟಿ. ಇದು ಕಣದ ಲೆಕ್ಕ. ರಾಶಿಗೆ ತಕ್ಕ ಆಯ, ಕೊಡುವವನ ಮುಖ ಕಾಣುವುದಿಲ್ಲ. ಕರ್ನಾಟಕದ ಮಂಡಳಿ 2007ರಲ್ಲಿ ಹುಟ್ಟಿತು. ಪಾವಗಡ, ಮಧುಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು ಕಾರ್ಡು ಮಾಡಿಸಿದರೆ ಹೆರಿಗೆಗೆ, ಮಕ್ಕಳ ಓದಿಗೆ, ಅರವತ್ತಾದ ಮೇಲೆ ಪಿಂಚಣಿಗೆ ಅದರಿಂದ ಹಣ. ಮಂಡಳಿಯಲ್ಲಿ ತೊಂದರೆ ಇಲ್ಲವೆ? ಬೇಕಾದಷ್ಟಿದೆ. ದೇಶದ ತುಂಬ ಈ ಸೆಸ್ಸಿನ ಹಣ ಖರ್ಚಾಗದೆ ಬಿದ್ದಿರುವುದನ್ನು 2018ರಲ್ಲಿ ಸುಪ್ರೀಂ ಕೋರ್ಟೇ ಖಂಡಿಸಿತು. ಅದು ಹಂಚುವವರ ದೋಷ, ವಸೂಲಿಯ ಲೆಕ್ಕದ ದೋಷವಲ್ಲ. ದುಡ್ಡಿಲ್ಲ ಅನ್ನೋ ಪಿಂಚಣಿ ನಿಧಿಯ ಪಕ್ಕದಲ್ಲಿ ಇದು ದುಡ್ಡು ಉಳಿದ ನಿಧಿ ಅನ್ನೋದನ್ನು ಗಮನಿಸಬೇಕು.

ನಮ್ಮ ಎದುರಿನ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ವಿಮೆ ಅಂದರೆ ಕಟ್ಟಿದಷ್ಟು ಪಡೆಯುವುದು, ಹೆಚ್ಚು ಕಟ್ಟಿದವನಿಗೆ ಹೆಚ್ಚು ಬರಬೇಕು, ಇಲ್ಲದಿದ್ದರೆ ಅದು ತೆರಿಗೆ ಅಂತಾರೆ. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಪಿಎಫ್ ಪಿಂಚಣಿಯ ಮೊಕದ್ದಮೆಯಲ್ಲಿ ಮಿತಿ ಮೀರಿದ ಸಂಬಳದವರು ಕೇಳಿದ್ದೂ ಅದನ್ನೇ. ನಾವು ಪೂರ್ತಿ ಸಂಬಳಕ್ಕೆ ಕಟ್ಟುತ್ತೇವೆ, ಪೂರ್ತಿ ಸಂಬಳಕ್ಕೆ ಪಿಂಚಣಿ ಕೊಡಿ ಅಂತ. ಒಂದು ಮಟ್ಟಿಗೆ ಗೆದ್ದರು. ಹೆಚ್ಚಿನ ಸಂಬಳದ ಮೇಲೆ ಅವರೇ ಶೇಕಡಾ 1.16 ಕಟ್ಟಬೇಕು ಅಂತಿದ್ದ ನಿಯಮವನ್ನು ಕೋರ್ಟು ತೆಗೆದುಹಾಕಿತು. ತಮಗಾಗಿ ಹೆಚ್ಚು ಕಟ್ಟಲು ಅವರು ತಯಾರು. ತಮ್ಮ ಕಚೇರಿ ಗುಡಿಸುವವಳಿಗಾಗಿ ಕಟ್ಟುವ ಮಾತು ಆ ಮೊಕದ್ದಮೆಯಲ್ಲಿ ಯಾರ ಕಡೆಯಿಂದಲೂ ಬರಲಿಲ್ಲ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಎಲ್ಲರೂ ಅಷ್ಟಿಷ್ಟು ಕಟ್ಟಿದ ನಿಧಿಯಾದ್ದರಿಂದಲೇ ಅದು ಹಕ್ಕು, ಅದಕ್ಕೇ ಯಾವ ಸರ್ಕಾರವೂ ಮುಟ್ಟಲಾರದು, ಪೂರ್ತಿ ಶ್ರೀಮಂತರ ದುಡ್ಡಾದರೆ ಮತ್ತೆ ಭಿಕ್ಷೆಯಾಗ್ತದೆ ಅಂತ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಈ ಕಾರಣಕ್ಕೇ ಕೆಲಸಗಾರರ ಕಂತನ್ನು ಉಳಿಸಿಕೊಂಡ. ಕಣದ ಅಂಚಿನಲ್ಲಿ ನಿಂತವರ ಮಕ್ಕಳಾದ ನಮಗೆ ಈ ಮಾತು ಬೇಗ ತಾಗುತ್ತದೆ. ಆದ್ದರಿಂದ ಕೂಲಿಯವನೂ ಕಟ್ಟಲಿ, ಒಂದು ರೂಪಾಯಿಯಾದರೂ ಅವನ ಹೆಸರಿನಲ್ಲಿರಲಿ. ಕೂಲಿಯವನ ಒಂದು ರೂಪಾಯಿ ಅವನ ಕೂಲಿಯ ಎಷ್ಟನೇ ಪಾಲೊ ಸಾಹೇಬನ ಕಂತು ಅವನ ಸಂಬಳದ ಅಷ್ಟನೇ ಪಾಲಾದರೂ ಆಗಬೇಕು. ಇವತ್ತು ಅದೂ ಇಲ್ಲ. ಹೆಚ್ಚು ಕಟ್ಟಿ ಅನ್ನೋ ಮಾತು ಆಮೇಲಿನದು, ಮೊದಲು ಸಮ ಕಟ್ಟಿ ಅನ್ನೋದೇ ಆಗಿಲ್ಲ.

ಕೊನೆಗೆ ವೃತ್ತಿ ತೆರಿಗೆ. 1972ರ ಬರದಲ್ಲಿ ಮಹಾರಾಷ್ಟ್ರದಲ್ಲಿ ಲಕ್ಷಾಂತರ ಜನ ಬರಗಾಲದ ಕಾಮಗಾರಿಗೆ ಇಳಿದರು. ಅದರಿಂದ ವಿ.ಎಸ್. ಪಾಗೆ ಅವರ ಉದ್ಯೋಗ ಖಾತ್ರಿ ಯೋಜನೆ ಬೆಳೆಯಿತು, 1977ರಲ್ಲಿ ಕಾಯ್ದೆಯಾಯ್ತು. ಹಳ್ಳಿಯಲ್ಲಿ ಯಾರು ಕೆಲಸ ಕೇಳಿದರೂ ಸರ್ಕಾರ ಕೊಡಲೇಬೇಕು. ಅದಕ್ಕೆ ದುಡ್ಡು ಎಲ್ಲಿಂದ ಅಂದರೆ, 1975ರಲ್ಲಿ ಸಂಬಳದಾರರ ಮೇಲೆ, ವೃತ್ತಿಗಾರರ ಮೇಲೆ ಹಾಕಿದ ವೃತ್ತಿ ತೆರಿಗೆಯಿಂದ, ನೀರಾವರಿ ಜಮೀನಿನ ಮೇಲಿನ ವಿಶೇಷ ಕರದಿಂದ. ಮುಂಬಯಿಯ ಸಂಬಳ ಬರದ ಹಳ್ಳಿಯ ಗುದ್ದಲಿಗೆ ಕೂಲಿಯಾಯ್ತು. ಗಡಿಯಾಚೆಯ ಜತ್ತ, ಅಕ್ಕಲಕೋಟೆಯ ಕನ್ನಡದ ಹಳ್ಳಿಗಳಿಗೂ ಆ ಕಾನೂನು ಸೇರಿತು. 1878ರಲ್ಲಿ ಸ್ಟ್ರೇಚಿ ಯಾರನ್ನು ಬಿಟ್ಟಿದ್ದನೊ ಅವರನ್ನು ಹಿಡಿದು ಕಟ್ಟಿಸಿದ ಕ್ಷಾಮ ವಿಮೆ ಅದು. ಅದರ ನೆರಳಿನಲ್ಲೇ 2005ರ ದೇಶದ ಉದ್ಯೋಗ ಖಾತ್ರಿ ಕಾಯ್ದೆ ಬಂತು.

ಕರ್ನಾಟಕದಲ್ಲೂ 1976ರಲ್ಲಿ ವೃತ್ತಿ ತೆರಿಗೆ ಕಾಯ್ದೆ ಬಂತು. ತೆರಿಗೆ ಬಂತು, ಅದರ ಬೆನ್ನಿಗೆ ಕಾನೂನಿನ ಖಾತ್ರಿ ಬರಲಿಲ್ಲ, ದುಡ್ಡು ಬೊಕ್ಕಸದಲ್ಲಿ ಬೆರೆತುಹೋಯ್ತು. ಮೇಲಾಗಿ ಸಂವಿಧಾನದ 276ನೇ ವಿಧಿಯಲ್ಲೇ ಈ ತೆರಿಗೆಗೆ ಮೇಲ್ಮಿತಿ ಬರೆದಿದೆ. 1950ರಲ್ಲಿ ವರ್ಷಕ್ಕೆ 250 ರೂಪಾಯಿ. 1988ರ 60ನೇ ತಿದ್ದುಪಡಿಯಿಂದ 2,500. ಅಲ್ಲಿಂದ ಒಂದು ರೂಪಾಯಿ ಅಲುಗಿಲ್ಲ.

ಮೇಷ್ಟ್ರುಗಳು ತಮ್ಮ ಸಂಬಳದ ಚೀಟಿ ತೆಗೆದು ನೋಡಬಹುದು. 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ಮುಟ್ಟಿದ ಎಲ್ಲರಿಗೂ 200 ರೂಪಾಯಿ. ಆ 25,000ದ ಮೇಷ್ಟ್ರಿಗೆ ವರ್ಷದ 2,500 ಅಂದರೆ ಸಾವಿರಕ್ಕೆ 8 ರೂಪಾಯಿ ಕಟ್ಟಿದ ಹಾಗೆ. ಬೆಂಗಳೂರಿನಲ್ಲಿ ತಿಂಗಳಿಗೆ 25 ಲಕ್ಷ ಎಣಿಸುವ ಕಂಪನಿ ಮುಖ್ಯಸ್ಥನೂ ಅದೇ 2,500 ಕಟ್ಟುತ್ತಾನೆ, ಅವನಿಗೆ ಅದು ಲಕ್ಷಕ್ಕೆ 8 ರೂಪಾಯಿ. ಹನ್ನೆರಡು ತಿಂಗಳಿಗೆ 200ರಂತೆ 2,400 ಮಾತ್ರ ಆಗ್ತದಲ್ಲ, ಮಿತಿಯ ಇನ್ನು 100 ರೂಪಾಯಿ ಬಿಟ್ಟುಹೋಗ್ತಿದೆ ಎಂದು ಸರ್ಕಾರಕ್ಕೆ ಹೊಳೆದು 2025ರಲ್ಲಿ ಕಾಯ್ದೆ ತಿದ್ದಿದರು. ಈಗ ಫೆಬ್ರವರಿ ತಿಂಗಳಲ್ಲಿ ಮಾತ್ರ 300 ರೂಪಾಯಿ ಹಿಡಿಯುತ್ತಾರೆ, ಮೇಷ್ಟ್ರಿಗೂ ಮುಖ್ಯಸ್ಥನಿಗೂ.